ಬೋಸ್ಟನ್ ನೇಮಿಂಗ್ ಟೆಸ್ಟ್: ಕನ್ನಡ ಮಾತಾಡುವ ರೋಗಿಗೆ ಎಷ್ಟು ಒಪ್ಪುತ್ತದೆ?

ಪಾರ್ಶ್ವವಾಯುವಿನಿಂದ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಕಳೆದುಕೊಂಡವರನ್ನು ಪರೀಕ್ಷಿಸಲು ವಾಕ್ ಚಿಕಿತ್ಸಕರು ಬಳಸುವ ಸಾಧನಗಳಲ್ಲಿ ಬೋಸ್ಟನ್ ನೇಮಿಂಗ್ ಟೆಸ್ಟ್ ಬಹಳ ಪ್ರಸಿದ್ಧ. ಎಡಿತ್ ಕಪ್ಲಾನ್, ಹೆರಾಲ್ಡ್ ಗುಡ್‌ಗ್ಲಾಸ್ ಮತ್ತು ಸಾಂಡ್ರಾ ವೈನ್‌ಟ್ರಾಬ್ 1983ರಲ್ಲಿ ಹೊರತಂದ ಈ ಪುಸ್ತಿಕೆಯಲ್ಲಿ ಮಂಚದಿಂದ ಅಬಾಕಸ್‌ವರೆಗೆ 60 ರೇಖಾಚಿತ್ರಗಳಿದ್ದು, ರೋಗಿ ಒಂದೊಂದನ್ನೂ ನೋಡಿ ಹೆಸರಿಸಬೇಕು; ಸುಲಭದ ಹೆಸರುಗಳು ಮೊದಲು, ಅಪರೂಪದವು ಕೊನೆಗೆ ಬರುತ್ತವೆ.

ಇದರ ನಿಜವಾದ ಬೆಲೆ ಇರುವುದು ಸುಳಿವುಗಳ ಕ್ರಮದಲ್ಲಿ. ಒಂದು ಚಿತ್ರಕ್ಕೆ 20 ಸೆಕೆಂಡು ಕಾಯುತ್ತೇವೆ. ರೋಗಿ ಚಿತ್ರವನ್ನೇ ತಪ್ಪಾಗಿ ಕಂಡಿದ್ದರೆ ವಸ್ತುವಿನ ಬಗ್ಗೆ ಸುಳಿವು ಕೊಡುತ್ತೇವೆ, ಆಮೇಲೂ ಹೆಸರು ಬಾರದಿದ್ದರೆ ಪದದ ಮೊದಲ ಧ್ವನಿಯನ್ನು ಉಚ್ಚರಿಸುತ್ತೇವೆ. ಬಾಚಣಿಗೆಯ ಚಿತ್ರ ನೋಡಿ ತಲೆ ಬಾಚುವ ಅಭಿನಯ ಮಾಡುತ್ತಾ ಹೆಸರಿಗಾಗಿ ತಡಕಾಡುತ್ತಿದ್ದವರು ‘ಬಾ’ ಎಂದೊಡನೆ ಪೂರ್ತಿ ಹೇಳಿದರೆ, ಅರ್ಥವೂ ಪದವೂ ಉಳಿದಿವೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಕಟ್ಟಿದೆ ಎಂದು ತಿಳಿಯಬಹುದು. ಕತ್ತರಿಗೆ ಚಾಕು ಎನ್ನುವವರ ತೊಂದರೆಯ ಬಗೆ ಬೇರೆ. ಕಿವಿಯ ಬಳಿ ಇರುವ ಮಿದುಳಿನ ಟೆಂಪೊರಲ್ ಹಾಲೆಗಳ ಮುಂಭಾಗ ಕ್ಷಯಿಸುವ ಸಿಮ್ಯಾಂಟಿಕ್ ಡಿಮೆನ್ಷಿಯಾದಲ್ಲಂತೂ ಅರ್ಥವೇ ಸವೆದುಹೋಗುವುದರಿಂದ ಮೊದಲ ಧ್ವನಿಯ ಸುಳಿವು ಹೆಚ್ಚು ನೆರವಾಗುವುದಿಲ್ಲ. ಆದರೆ ಒಟ್ಟು ಅಂಕ ಈ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು. ಅರ್ಥಗ್ರಹಣವನ್ನು ಈ ಸಾಧನ ನೇರವಾಗಿ ಅಳೆಯುವುದೇ ಇಲ್ಲವಾದ್ದರಿಂದ ಅದಕ್ಕೆ ಬೇರೆ ಪರೀಕ್ಷೆ ಜೊತೆಗಿರಲೇಬೇಕು.

ನಮ್ಮಲ್ಲಿ ಎದುರಾಗುವ ದೊಡ್ಡ ಅಡಚಣೆ ಚಿತ್ರಗಳದ್ದು. ಬೀವರ್, ಪ್ರೆಟ್ಜೆಲ್, ಇಗ್ಲೂ, ಆಸ್ಪರಾಗಸ್‌ಗಳನ್ನು ಮಂಡ್ಯದ ರೈತ ಹೆಸರಿಸದಿದ್ದರೆ ಅದು ಮಿದುಳಿನ ದೋಷವಲ್ಲ. ಅಮೆರಿಕದವರಿಗೆ ಕಠಿಣವೆಂದು ಕೊನೆಯಲ್ಲಿಟ್ಟ ನೊಗವನ್ನು ಅದೇ ರೈತ ಥಟ್ಟನೆ ಹೇಳಬಲ್ಲ. ಶಾಲೆಯ ಮುಖ ಕಾಣದವರಿಗೆ ಕಪ್ಪು ಗೆರೆಯ ಚಿತ್ರಕ್ಕಿಂತ ನಿಜವಾದ ವಸ್ತುವೇ ಬೇಗ ಗುರುತು ಸಿಗುತ್ತದೆ. ನೇಣಿನ ಕುಣಿಕೆಯ ಚಿತ್ರವೂ ಇದರಲ್ಲಿದೆ. ಕರಿಯರನ್ನು ಗುಂಪುಗೂಡಿ ನೇಣಿಗೇರಿಸಿದ ಇತಿಹಾಸವಿರುವ ಅಮೆರಿಕದಲ್ಲಿ ಅದಕ್ಕೆ ಆಕ್ಷೇಪ ಬಂದಿದೆ, ಮತ್ತು ಮಾತು ಕಳೆದುಕೊಂಡು ಖಿನ್ನತೆಯಲ್ಲಿರುವ ಯಾರ ಮುಂದೆಯೂ ಅದನ್ನು ಹಿಡಿಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಕನ್ನಡದ ರೋಗಿಗಳಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸುವುದಿಲ್ಲ. ಮಿದುಳಿನ ಪೆಟ್ಟಿನಿಂದಾಗುವ ಮಾತಿನ ತೊಂದರೆಯನ್ನು (ಅಫೇಸಿಯಾ) ಅಳೆಯುವ ಪರೀಕ್ಷೆಗಳ ಗುಚ್ಛವಾದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ ಲಭ್ಯವಿದೆ. ಹೆಸರಿಸುವಿಕೆಯ ಜೊತೆಗೆ ಅರ್ಥಗ್ರಹಣವನ್ನೂ ಅದು ಪರಿಶೀಲಿಸುತ್ತದೆ. ಬೋಸ್ಟನ್ ಪುಸ್ತಿಕೆಯನ್ನು ಈಗಾಗಲೇ ಕೊಂಡವರು ಸುಳಿವಿನ ಕ್ರಮವನ್ನು ಉಳಿಸಿಕೊಂಡು ಪರಿಚಿತ ವಸ್ತುಗಳನ್ನು ಬಳಸಲಿ. ವರದಿಯಲ್ಲಿ ಅಮೆರಿಕದ ಮಾನದಂಡದ ಅಂಕ ಬರೆಯುವ ಬದಲು, ರೋಗಿ ಯಾವ ವಸ್ತುವಿಗೆ ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ದಾಖಲಿಸಲಿ.