ತತ್ತಿ ಕೋಳಿಗೆ ಕೊಡುವ ಸೋಡಾ ತೂಗಿ, ನೀರಿಗಲ್ಲ ಫೀಡಿಗೆ ಹಾಕಿ

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಶೆಡ್ಡಿನಲ್ಲಿ ಆಗಿದ್ದು ಇದು. 500 ತತ್ತಿ ಕೋಳಿ, ನೆಲಕ್ಕೆ ಭತ್ತದ ಹೊಟ್ಟು. ಬಿಸಿಲು 40 ಡಿಗ್ರಿ ದಾಟಿದಾಗ ತತ್ತಿ ಸಿಪ್ಪೆ ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ತೆಳುವಾಯಿತು. ಯಾರೋ ಹೇಳಿದ ‘ನೈಸರ್ಗಿಕ ತಂಪು ನೀರು’ ತಯಾರಾಯಿತು: 200 ಲೀಟರಿನ ಪೀಪಾಯಿಗೆ 2 ಕಿಲೋ ಅಡುಗೆ ಸೋಡಾ, ಅರ್ಧ ಪೆಂಟಿ ಬೆಲ್ಲ, ಮೇಲೆ ಎರಡು ಬಾಟಲಿ ವಿನೆಗರ್. ನೊರೆ ಬುಸ್ಸೆಂದು ಪೀಪಾಯಿಯ ಬಾಯಿತನಕ ಉಕ್ಕಿತು. ಔಷಧಿ ಹತ್ತಿತು ಅಂದುಕೊಂಡರು. ಹತ್ತಿದ್ದೇನೂ ಇಲ್ಲ, ಹುಳಿಯೂ ಅದಕ್ಕೆ ತಕ್ಕಷ್ಟು ಸೋಡಾವೂ ಒಂದನ್ನೊಂದು ತಿಂದು ಗಾಳಿ ಬಿಟ್ಟವು, ಅಷ್ಟೇ. ಸೋಡಾದ ಸೋಡಿಯಂ ಮಾತ್ರ ಪೂರ್ತಿ ನೀರಿನಲ್ಲೇ ಉಳಿಯಿತು.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಸೋಡಾದಲ್ಲಿ ಸುಮಾರು 270 ಗ್ರಾಂ ಸೋಡಿಯಂ ಇರುತ್ತದೆ. ಬೇಸಿಗೆಯಲ್ಲಿ ಒಂದು ಕೋಳಿ 400 ಮಿಲಿ ನೀರು ಕುಡಿದರೆ ಆ ಪೀಪಾಯಿ 500 ಕೋಳಿಗೆ ಒಂದೇ ದಿನದ್ದು. ಅಂದರೆ ಕೋಳಿಯೊಂದಕ್ಕೆ ಒಂದು ಗ್ರಾಂಗಿಂತ ಹೆಚ್ಚು ಸೋಡಿಯಂ. ದಿನಕ್ಕೆ ಅದಕ್ಕೆ ಬೇಕಾದದ್ದು 0.17 ಗ್ರಾಂ ಆಸುಪಾಸು. ಆರು ಪಟ್ಟು! ಅದರ ಮೇಲೆ ಫೀಡಿನಲ್ಲಿರುವ ಉಪ್ಪು, ಒಣಮೀನು ಹಾಕಿದ್ದರೆ ಅದರದ್ದು, ಬೋರಿನ ಸವಳು ನೀರಿನದ್ದು ಬೇರೆ. ಮೂರನೇ ದಿನಕ್ಕೆ ಹಿಕ್ಕೆ ನೀರಾಗಿ, ಹೊಟ್ಟು ಕೆಸರಾಗಿ, ಅಮೋನಿಯಾ ಕಣ್ಣಿಗೆ ಹೊಡೆಯತೊಡಗಿತು. ಆಮೇಲೆ ಕೋಳಿಗಳ ಕಾಲು ಸೋತವು, ಸಾವು ಶುರುವಾಯಿತು. ಅಳಿದುಳಿದ ಬೆಲ್ಲ ಪೈಪಿನೊಳಗೆ ಹುಳಿತು ಲೋಳೆ ಕಟ್ಟಿ, ಬಾಯಾರಿದ ಕೋಳಿಗೆ ನೀರೇ ಬಾರದಂತೆ ಅದು ಕೊಕ್ಕಿನಿಂದ ಒತ್ತಿ ಕುಡಿಯುವ ನಿಪ್ಪಲ್ ಮುಚ್ಚಿಕೊಂಡವು.

ಸೋಡಾ ಕೆಟ್ಟದ್ದಲ್ಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಆ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗಿ, ಸಿಪ್ಪೆ ಕಟ್ಟಲು ಬೇಕಾದ ಬೈಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಸೋಡಾ ಕೊಡುವುದು ಅದನ್ನು ತುಂಬಲಿಕ್ಕೆ. ಆದರೆ ಅದನ್ನು ನೀರಿಗೆ ಸುರಿಯದೆ ಫೀಡಿಗೆ ಹಾಕಿ: 100 ಕಿಲೋ ಫೀಡಿಗೆ 200 ಗ್ರಾಂ, ತಕ್ಕಡಿಯಲ್ಲಿ ತೂಗಿಯೇ. 300 ಗ್ರಾಂ ಹಾಕುತ್ತಿದ್ದ ಉಪ್ಪನ್ನು 200ಕ್ಕೆ ಇಳಿಸಿ. ಉಪ್ಪು ಪೂರ್ತಿ ನಿಲ್ಲಿಸಬೇಡಿ, ಅದರ ಕ್ಲೋರೈಡ್ ಕೋಳಿಗೆ ಬೇಕು. ತೂಗಿದ ಸೋಡಾವನ್ನು ಮೊದಲು ಎರಡು ಕಿಲೋ ಹಿಟ್ಟಿನಲ್ಲಿ ಕಲಸಿಕೊಂಡು ಆಮೇಲೆ ದೊಡ್ಡ ರಾಶಿಗೆ ಸೇರಿಸಿ, ಇಲ್ಲದಿದ್ದರೆ ಒಂದು ಮೂಲೆಯ ಕೋಳಿಗಷ್ಟೇ ಎಲ್ಲ ಹೋಗುತ್ತದೆ. ಬೋರಿನ ನೀರು ಸವಳಿದ್ದರೆ ಪರೀಕ್ಷೆ ಮಾಡಿಸದೆ ಸೋಡಾ ಮುಟ್ಟಲೇಬೇಡಿ. ವಿಟಮಿನ್ ಸಿ ಕೊಡುವುದಾದರೆ 100 ಕಿಲೋ ಫೀಡಿಗೆ 20–25 ಗ್ರಾಂ ಸಾಕು. ಸೋಡಾ ಇರುವ ನೀರಿನಲ್ಲಿ ಅದು ಕೆಟ್ಟುಹೋಗುತ್ತದೆ.

ಅದೇ ಶೆಡ್ಡಿನಲ್ಲಿ ಸಿಪ್ಪೆ ಗಟ್ಟಿಯಾಗಲಿ ಎಂದು ಎಲೆಗೆ ಹಚ್ಚುವ ಸುಣ್ಣವನ್ನೂ ಫೀಡಿಗೆ ಬೆರೆಸಿದ್ದರು. ಅದು ಕೊಕ್ಕಿನೊಳಗೂ ಗಂಟಲಿನಲ್ಲೂ ಸುಡುತ್ತದೆ. ಬೇಕಾದದ್ದು ಸುಣ್ಣದಕಲ್ಲಿನ ಹರಳು, 2ರಿಂದ 4 ಮಿಲಿಮೀಟರಿನದು. ಸಿಪ್ಪೆ ಬಹುಪಾಲು ಕಟ್ಟುವುದು ರಾತ್ರಿಯಾದ್ದರಿಂದ ಸಂಜೆ ಫೀಡಿನ ಜೊತೆ ಹಾಕಿ, ಹೊಟ್ಟೆಯಲ್ಲಿ ನಿಧಾನ ಕರಗಲಿ. ಕೊಳ್ಳುವಾಗ ಒಂದು ಎಚ್ಚರ: ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತ ಸುಣ್ಣದಕಲ್ಲೂ ಸಿಗುತ್ತದೆ, ಅದರಂತೆಯೇ ಕಾಣುವ ಡಾಲಮೈಟ್ ಕಲ್ಲೂ ಸಿಗುತ್ತದೆ. ಡಾಲಮೈಟಿನ ಮೆಗ್ನೀಸಿಯಂನಿಂದ ಹಿಕ್ಕೆ ಸಡಿಲಾಗಿ ಸಿಪ್ಪೆ ಇನ್ನೂ ಕೆಡುತ್ತದೆ. ಹರಳಿನ ಮೇಲೆ ಒಂದು ಹನಿ ವಿನೆಗರ್ ಬಿಡಿ. ಸುಣ್ಣದಕಲ್ಲು ಗುಳ್ಳೆ ಬಿಡುತ್ತದೆ, ಡಾಲಮೈಟ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ವಿನೆಗರಿನ ಒಳ್ಳೆಯ ಉಪಯೋಗ ಇದೇ.

ಮಧ್ಯಾಹ್ನ 11ರಿಂದ 4ರವರೆಗೆ ಫೀಡ್ ಎತ್ತಿಬಿಡಿ. ತಿಂದದ್ದು ಅರಗುವಾಗ ಹುಟ್ಟುವ ಕಾವು ಆ ಹೊತ್ತಿಗೆ ಕೋಳಿಯ ಮೈಗೆ ತಾಳದು. ಬೆಳಗ್ಗೆ 5ಕ್ಕೇ ಹಾಕಿ. ಟಾಕಿಗೆ ಒದ್ದೆ ಗೋಣಿಚೀಲ ಸುತ್ತಿ, ಬಿಸಿಲಿನ ಪೈಪಿನಲ್ಲಿ ನಿಂತ ಕಾದ ನೀರನ್ನು ಮಧ್ಯಾಹ್ನ ಎರಡು ಸಲ ಹೊರಗೆ ಬಿಡಿ.

ಸೋಡಾ ಹೆಚ್ಚಾಗಿ ಕೋಳಿ ತೂರಾಡುತ್ತಿದ್ದರೆ ಮೊದಲು ಪೀಪಾಯಿ ಚೆಲ್ಲಿ, ಪೈಪ್ ತೊಳೆದು, ಸಿಹಿನೀರನ್ನು ಸ್ವಲ್ಪ ಸ್ವಲ್ಪವೇ ಪದೇಪದೇ ಕೊಡಿ. ಪಶುವೈದ್ಯರು ಬಂದಾಗ ತೋರಿಸಲು ಚೆಲ್ಲುವ ಮುಂಚೆಯೇ ಆ ಸೋಡಾ ನೀರನ್ನು ಒಂದು ಬಾಟಲಿಯಲ್ಲಿ ತೆಗೆದಿಟ್ಟುಕೊಳ್ಳಿ.