ಗಿಫ್ಟ್ ತಿಲಾಪಿಯಾ ಮರಿಗಳು: ಒಂದು ಬೆಳೆಯ ಅನುಭವ

ಆಫ್ರಿಕಾದ ನಾಲ್ಕು ಕಾಡು ತಳಿಗಳನ್ನೂ ಏಷ್ಯಾದ ನಾಲ್ಕು ಸಾಕು ತಳಿಗಳನ್ನೂ ಕೂಡಿಸಿ, 1988ರಿಂದ ಫಿಲಿಪ್ಪೀನ್ಸ್‌ನಲ್ಲಿ ತಲೆಮಾರಿನಿಂದ ತಲೆಮಾರಿಗೆ ಆಯ್ಕೆ ಮಾಡುತ್ತ ರೂಪಿಸಿದ ಗಿಫ್ಟ್ ತಿಲಾಪಿಯಾ ಎಂಬ ಮೀನಿನ ಮರಿಗಳನ್ನು ಈ ಬಾರಿ ಕೊಳಕ್ಕೆ ಬಿಟ್ಟಿದ್ದೆ. ಇದು ಕುಲಾಂತರಿಯಲ್ಲ, ಬರಿಯ ಆಯ್ಕೆಯ ಫಲ. ಈ ಗೊಂದಲ ಅನೇಕರಲ್ಲಿದೆ.

ಬೆಳವಣಿಗೆಯ ವೇಗದಲ್ಲಿ ದೂರಲು ಏನೂ ಇಲ್ಲ. ಮೋಡ ಕವಿದ ಮುಂಜಾವುಗಳಲ್ಲಿ ಆಮ್ಲಜನಕ ಕುಸಿದು ಮೀನುಗಳು ಮೇಲೆ ಬಂದು ಬಾಯಿ ತೆರೆದರೂ ಸಾವು ತೀರಾ ಕಡಿಮೆ.

ಏಕರೂಪತೆಯಲ್ಲಿ ಮಾತ್ರ ನಿರಾಸೆ. ಎಲ್ಲವೂ ಗಂಡು ಎಂದು ಮರಿಕೇಂದ್ರದವರು ಹೇಳಿದ್ದರು. ಆದರೆ ತೂಕ ನೋಡಲು ಬಲೆ ಎಳೆದಾಗ ಒಂದು ಮೀನಿನ ಬಾಯಿಯಿಂದ ಹಳದಿ ಮೊಟ್ಟೆಗಳು ಅಂಗೈಗೆ ಉದುರಿದವು; ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದು ಹೆಣ್ಣು. ಹೆಣ್ಣುಗಳು ಬೆರೆತರೆ ಕೊಳದಲ್ಲಿ ಮರಿಗಳು ತುಂಬಿ, ಆಹಾರ ಹಂಚಿಹೋಗಿ, ಗಾತ್ರ ಏರುಪೇರಾಗುತ್ತದೆ. ಇದು ತಳಿಯ ದೋಷವಲ್ಲ, ಮರಿಗಳನ್ನೆಲ್ಲ ಗಂಡಾಗಿಸಲು ಮರಿಕೇಂದ್ರದಲ್ಲಿ ಮಾಡುವ ಲಿಂಗ ಪರಿವರ್ತನೆಯಲ್ಲಿನ ಅಜಾಗರೂಕತೆ. ತಳಿಯನ್ನು ಮತ್ತೆ ಸಾಕುತ್ತೇನೆ, ಮರಿಗಳನ್ನು ಬೇರೆಡೆ ಕೊಳ್ಳುತ್ತೇನೆ.