ಬೆಂಗಳೂರಿನ ಪೊಲೀಸ್ ಸೇವೆ: ಹೊಯ್ಸಳ ಬೇಗ ಬಂತು, ತನಿಖೆ ನಿಂತಲ್ಲೇ ನಿಂತಿತು

ಬೆಂಗಳೂರಿನಲ್ಲಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೆ ಸಿಗುವ ಸೇವೆಯ ಬಗ್ಗೆ ನನಗೆ ಗೌರವವಿದೆ. ನಮ್ಮ ಬೀದಿಯಲ್ಲಿ ಕಳ್ಳತನವಾದ ರಾತ್ರಿ ಪೊಲೀಸರ ಹೊಯ್ಸಳ ಗಸ್ತು ವಾಹನ ತಡಮಾಡದೆ ಬಂತು. ಅದರಲ್ಲಿದ್ದ ಸಿಬ್ಬಂದಿ ಬೀಗ ಮುರಿದ ಬಾಗಿಲನ್ನು ಟಾರ್ಚ್ ಬೆಳಕಿನಲ್ಲಿ ಪರಿಶೀಲಿಸಿ, ಹೆದರಿದ್ದ ಹಿರಿಯರಿಗೆ ಧೈರ್ಯ ಹೇಳಿ, ಬೆಳಿಗ್ಗೆ ಠಾಣೆಗೆ ಬಂದು ದೂರು ಕೊಡುವಂತೆ ತಿಳಿಸಿದರು.

ತೊಂದರೆ ಶುರುವಾದದ್ದು ಅಲ್ಲಿಂದ ಮುಂದೆ. ಎಫ್‌ಐಆರ್ ದಾಖಲಾಯಿತು, ಅದರ ಉಚಿತ ಪ್ರತಿಯೂ ಕೈಗೆ ಬಂತು. ಆದರೆ ತನಿಖೆ ಮಾಡಬೇಕಾದ ಸಬ್‌ಇನ್‌ಸ್ಪೆಕ್ಟರ್ ಒಮ್ಮೆ ಬಂದೋಬಸ್ತ್‌ಗೆ, ಇನ್ನೊಮ್ಮೆ ನ್ಯಾಯಾಲಯಕ್ಕೆ ಹೋಗಿರುತ್ತಿದ್ದರು. ಅವರನ್ನು ದೂರಲು ಮನಸ್ಸು ಬರುವುದಿಲ್ಲ; ಹೊಸಬರ ನೇಮಕಾತಿಯೇ ವರ್ಷಗಟ್ಟಲೆ ತಡವಾಯಿತು. 545 ಪಿಎಸ್‌ಐ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಗಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿ, ಕೊನೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸುವಷ್ಟರಲ್ಲಿ 2024ರ ಜನವರಿ ಬಂದಿತ್ತು. ಆಯ್ಕೆಯಾದವರು ತರಬೇತಿ ಮುಗಿಸಿ ಠಾಣೆಗೆ ಬರಲು ಮತ್ತಷ್ಟು ಕಾಲ ಬೇಕಿತ್ತು. ಪ್ರಾಮಾಣಿಕವಾಗಿ ಓದಿದ ಅಭ್ಯರ್ಥಿಗಳ ವಯಸ್ಸು ಕಾಯುವುದರಲ್ಲೇ ಕಳೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾನೂನು ಸುವ್ಯವಸ್ಥೆ ನೋಡಿಕೊಳ್ಳುವವರನ್ನೂ ತನಿಖೆ ನಡೆಸುವವರನ್ನೂ ಬೇರ್ಪಡಿಸಬೇಕು, ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಂದಲೇ ಅದನ್ನು ಆರಂಭಿಸಬಹುದು ಎಂದು ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿತ್ತು. ಬಂದೋಬಸ್ತ್ ಬಂದಾಗಲೆಲ್ಲ ತನಿಖಾಧಿಕಾರಿಯನ್ನೇ ಕಳುಹಿಸುವ ಠಾಣೆಯಲ್ಲಿ ಆ ಮಾತು ಇನ್ನೂ ಕಾಗದದ ಮೇಲೆಯೇ ಉಳಿದಿದೆ.

ತುರ್ತು ಸೇವೆಗೆ ಐದರಲ್ಲಿ ನಾಲ್ಕು ಅಂಕ, ತನಿಖೆಗೆ ಎರಡು. ದೂರು ಕೊಟ್ಟವರು ಎಫ್‌ಐಆರ್ ಸಂಖ್ಯೆಯನ್ನು ಜೋಪಾನವಾಗಿಟ್ಟುಕೊಂಡು, ತನಿಖಾಧಿಕಾರಿ ಠಾಣೆಯಲ್ಲಿರುವ ಸಮಯವನ್ನು ಫೋನಿನಲ್ಲಿ ವಿಚಾರಿಸಿಯೇ ಹೊರಡುವುದು ಒಳ್ಳೆಯದು.